ಮುಟ್ಟು ಮತ್ತು ಮೈಲಿಗೆ: ಒಂದು ನಂಬಿಕೆಯನ್ನು ಪರೀಕ್ಷಿಸುವ ಬಗೆ

ಕೃಷ್ಣೆ ತುಂಗಭದ್ರೆಗಳ ನಡುವಣ ನೆಲಕ್ಕೆ ಹಿಂದೆ ಎಡೆದೊರೆ ನಾಡೆಂಬ ಹೆಸರಿತ್ತು. ರಾಯಚೂರು, ಮಾನವಿ, ದೇವದುರ್ಗಗಳೂ ಅವುಗಳ ಸೀಮೆಯಲ್ಲಿರುವ ಮಲ್ಲಟದಂತಹ ಊರುಗಳೂ ಈ ನೆಲಕ್ಕೆ ಸೇರಿದವು. ಇಲ್ಲಿಯ ಹೊಲಗದ್ದೆಗಳ ಕೆಲಸದಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. ಭತ್ತದ ನಾಟಿ, ಕಳೆ ಕೀಳುವುದು, ಹತ್ತಿ ಬಿಡಿಸುವುದು ಇವೆಲ್ಲ ಬಹುಮಟ್ಟಿಗೆ ಅವರ ಕೈಯಿಂದಲೇ ನಡೆಯುತ್ತವೆ. ಆದರೆ ನಮ್ಮ ನಾಡಿನ ಅಸಂಖ್ಯ ಮನೆಗಳಲ್ಲಿ ಇದೇ ಕೈ ತಿಂಗಳಿಗೆ ಮೂರು ನಾಲ್ಕು ದಿನ ಉಪ್ಪಿನಕಾಯಿಯ ಭರಣಿಯನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಉಪ್ಪಿನಕಾಯಿ ಕೆಡುವುದಂತೆ. ತುಳಸಿಯ ಬಳಿ ಸುಳಿದರೆ ತುಳಸಿ ಒಣಗುವುದಂತೆ. ವೀಳ್ಯದೆಲೆಯ ತೋಟವನ್ನು ಹೊಕ್ಕರೆ ಬಳ್ಳಿ ಬಾಡುವುದಂತೆ.

ಹತ್ತಿಯನ್ನು ಕೆಡಿಸದ ಕೈ ಉಪ್ಪಿನಕಾಯಿಯನ್ನು ಹೇಗೆ ಕೆಡಿಸುತ್ತದೆ? ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವುದು ಸುಲಭ. ಹಿರಿಯರ ಮಾತೆಂದು ಒಪ್ಪಿಕೊಂಡುಬಿಡುವುದೂ ಅಷ್ಟೇ ಸುಲಭ. ವಿಜ್ಞಾನದ ವಿದ್ಯಾರ್ಥಿಯ ದಾರಿ ಇವೆರಡೂ ಅಲ್ಲ. ಆತನು ಅಥವಾ ಆಕೆಯು ಕೇಳಬೇಕಾದುದು, “ಇದನ್ನು ತಿಳಿಯುವುದು ಹೇಗೆ?” ಎಂದು. ಈ ಲೇಖನದಲ್ಲಿ ಅದನ್ನೇ ವಿಚಾರಿಸೋಣ.

ನಮ್ಮ ನುಡಿಯಲ್ಲೇ ಈ ನಂಬಿಕೆಯ ಗುರುತು ಅಚ್ಚೊತ್ತಿದೆ. ‘ಮುಟ್ಟು’ ಎಂಬ ಒಂದೇ ಪದ ಸ್ಪರ್ಶವನ್ನೂ ಹೇಳುತ್ತದೆ, ಹೆಣ್ಣಿನ ಋತುಸ್ರಾವವನ್ನೂ ಹೇಳುತ್ತದೆ. ‘ಹೊರಗಾಗುವುದು’, ‘ದೂರ ಕೂರುವುದು’ ಎಂಬ ಮಾತುಗಳು ದೇಹದೊಳಗೆ ಏನು ನಡೆಯಿತೆಂಬುದನ್ನು ತಿಳಿಸುವುದಿಲ್ಲ. ಆಕೆ ಎಲ್ಲಿರಬೇಕೆಂಬುದನ್ನು ಮಾತ್ರ ತಿಳಿಸುತ್ತವೆ. ಆದುದರಿಂದ ಮೊದಲು ದೇಹದ ಸಂಗತಿಯನ್ನೇ ನೋಡುವುದು ಲೇಸು.

ದೇಹದಲ್ಲಿ ನಡೆಯುವುದೇನು?

ಗರ್ಭಕೋಶವು ಸ್ನಾಯುಗಳಿಂದಾದ ಒಂದು ಚೀಲ. ಇದರ ಒಳಮೈಗೆ ಮೃದುವಾದ ಒಂದು ಪೊರೆಯಿದೆ. ಅಂಡಾಶಯಗಳಲ್ಲಿ ಪ್ರತಿ ತಿಂಗಳೂ ಸಾಮಾನ್ಯವಾಗಿ ಒಂದು ಅಂಡಾಣು ಪಕ್ವವಾಗುತ್ತದೆ. ಆ ಸಮಯದಲ್ಲಿ ಅಂಡಾಶಯವು ಸ್ರವಿಸುವ ಈಸ್ಟ್ರೊಜನ್ ಎಂಬ ಹಾರ್ಮೋನು ಈ ಪೊರೆಯನ್ನು ದಪ್ಪವಾಗಿ ಬೆಳೆಸುತ್ತದೆ. ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಮತ್ತೊಂದು ಹಾರ್ಮೋನು ಪೊರೆಯನ್ನು ಭ್ರೂಣದ ಪೋಷಣೆಗೆ ತಕ್ಕಂತೆ ಅಣಿಗೊಳಿಸುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಗಳಲ್ಲಿ ಈ ಹಾರ್ಮೋನುಗಳ ಪ್ರಮಾಣ ಇಳಿಯುತ್ತದೆ. ಆಗ ಪೊರೆಯ ಮೇಲುಭಾಗ ಕಳಚಿ, ಸ್ವಲ್ಪ ರಕ್ತದೊಡನೆ ಹೊರಹೋಗುತ್ತದೆ. ಇದೇ ಋತುಸ್ರಾವ.

ಈ ಕಳಚುವಿಕೆಯನ್ನು ಕಣ್ಣಾರೆ ಕಂಡ ವಿಜ್ಞಾನಿಯೊಬ್ಬನುಂಟು. ಅಮೆರಿಕದ ಮಾರ್ಕೀ ಎಂಬಾತನು ಹೆಣ್ಣು ಕೋತಿಯ ಗರ್ಭಕೋಶದ ಪೊರೆಯ ಚಿಕ್ಕ ತುಣುಕುಗಳನ್ನು ಅದೇ ಕೋತಿಯ ಕಣ್ಣಿನ ಮುಂಭಾಗದ ಕೋಣೆಯಲ್ಲಿ ನೆಟ್ಟನು. ಅವು ಅಲ್ಲಿ ಬೇರೂರಿ ಬದುಕಿದವು. ಪಾರದರ್ಶಕವಾದ ಕಣ್ಣಿನ ಪಟಲವೇ ಕಿಟಕಿಯಾಯಿತು. ಸ್ರಾವಕ್ಕೆ ಮೊದಲು ಪೊರೆಯ ಸುರುಳಿ ರಕ್ತನಾಳಗಳು ಬಿಗಿಯಾಗಿ ಸಂಕುಚಿಸುವುದನ್ನೂ, ಅನಂತರ ಪೊರೆ ಚೂರುಚೂರಾಗಿ ಕಳಚುವುದನ್ನೂ ಆತನು ಈ ಕಿಟಕಿಯ ಮೂಲಕ ನೋಡಿ ೧೯೪೦ರಲ್ಲಿ ವಿವರಿಸಿದನು. ಇದು ‘ಕೆಟ್ಟ ರಕ್ತ’ವನ್ನು ದೇಹ ಹೊರದೂಡುವ ಕ್ರಿಯೆಯಲ್ಲ, ಕಟ್ಟಿದ ಪೊರೆ ಈ ಸಾರಿ ಬೇಡವಾದುದರಿಂದ ಅದನ್ನು ಕಳಚಿ ಮತ್ತೆ ಹೊಸದಾಗಿ ಕಟ್ಟಿಕೊಳ್ಳುವ ಕ್ರಿಯೆ.

ಚಕ್ರದ ಅವಧಿ ವಯಸ್ಕರಲ್ಲಿ ಸಾಮಾನ್ಯವಾಗಿ ೨೧ರಿಂದ ೩೫ ದಿನ. ಆಗತಾನೆ ಋತುಮತಿಯರಾದ ಹುಡುಗಿಯರಲ್ಲಿ ೪೫ ದಿನಗಳವರೆಗೂ ಇರಬಹುದು. ಸ್ರಾವವು ಎರಡರಿಂದ ಏಳು ದಿನ ನಡೆಯುತ್ತದೆ. ಈ ಅವಧಿಯಲ್ಲಿ ಹೋಗುವ ರಕ್ತ ಸಾಧಾರಣವಾಗಿ ೩೦ರಿಂದ ೪೦ ಮಿಲಿಲೀಟರು, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು ಮಾತ್ರ. ಇದು ೮೦ ಮಿಲಿಲೀಟರಿಗಿಂತ ಹೆಚ್ಚಾದರೆ, ಇಲ್ಲವೆ ಏಳು ದಿನಕ್ಕೂ ಮೀರಿ ಹೋಗುತ್ತಿದ್ದರೆ, ರಕ್ತಹೀನತೆಯುಂಟಾಗುವ ಸಂಭವವಿರುವುದರಿಂದ ವೈದ್ಯರನ್ನು ಕಾಣಬೇಕು.

ನಂಬಿಕೆಯ ಹಳಮೆ

ಋತುಮತಿಯಾದವಳ ಸ್ಪರ್ಶದಲ್ಲಿ ಕೇಡಿದೆಯೆಂಬ ಕಲ್ಪನೆ ನಮ್ಮೊಬ್ಬರದೇ ಅಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯಲ್ಲಿ, ಆಕೆ ಸಮೀಪಿಸಿದರೆ ಹೊಸ ದ್ರಾಕ್ಷಾರಸ ಹುಳಿಯುವುದೆಂದೂ ಬೀಜಗಳು ಬಂಜೆಯಾಗುವುವೆಂದೂ ಬರೆದನು. ನಮ್ಮ ತೈತ್ತಿರೀಯ ಸಂಹಿತೆಯಲ್ಲಿ ಬೇರೊಂದು ಕಥೆಯಿದೆ. ಇಂದ್ರನಿಗೆ ಬಂದ ಬ್ರಹ್ಮಹತ್ಯೆಯ ದೋಷವನ್ನು ಭೂಮಿ, ಮರ, ಸ್ತ್ರೀ ಈ ಮೂವರು ಹಂಚಿಕೊಂಡರೆಂದೂ, ಸ್ತ್ರೀಯ ಪಾಲೇ ಋತುಸ್ರಾವವೆಂದೂ ಅದು ಹೇಳುತ್ತದೆ.

ಆದರೆ ನಮ್ಮ ಪರಂಪರೆಯೆಲ್ಲವೂ ಒಂದೇ ದನಿಯಲ್ಲಿ ಮಾತನಾಡಿದೆಯೆಂದು ತಿಳಿದರೆ ತಪ್ಪಾದೀತು. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ನಿರಾಕರಿಸಿದರು. ಅವರ ಮತದಂತೆ ಲಿಂಗಧಾರಿಣಿಯಾದ ಹೆಣ್ಣು ಆ ದಿನಗಳಲ್ಲಿಯೂ ಪೂಜೆಗೆ ಹೊರಗಲ್ಲ. ಇನ್ನು ತುಳುನಾಡಿನಲ್ಲಿ ಫೆಬ್ರವರಿಯ ಸುಮಾರಿಗೆ ಬರುವ ಕೆಡ್ಡಸದ ಮೂರು ದಿನಗಳನ್ನು ನೋಡಿರಿ. ಆಗ ಭೂಮಿತಾಯಿಯೇ ಋತುಮತಿಯಾಗಿರುವಳೆಂದು ಭಾವಿಸಿ, ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ಕೊನೆಯಲ್ಲಿ ನೆಲಕ್ಕೆ ಎಣ್ಣೆಯೆರೆದು ಉಪಚರಿಸುತ್ತಾರೆ. ಅಲ್ಲಿ ಮುಟ್ಟು ದೋಷವಲ್ಲ, ಫಲವತ್ತತೆಯ ಗುರುತು. ಒಂದೇ ಸಂಗತಿಗೆ ಒಂದೆಡೆ ಶಾಪವೆಂದೂ ಇನ್ನೊಂದೆಡೆ ಸಿರಿಯೆಂದೂ ಅರ್ಥ ಬಂದಿರುವಾಗ, ಆ ಅರ್ಥ ರಕ್ತದಲ್ಲಿಲ್ಲ, ಮನುಷ್ಯರ ಮನಸ್ಸಿನಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಪ್ರಯೋಗಶಾಲೆಯನ್ನು ಹೊಕ್ಕ ನಂಬಿಕೆ

ಓದು ಬರಹ ಬಂದರೆ ಇಂತಹ ನಂಬಿಕೆ ತಾನಾಗಿಯೇ ಅಳಿಯುವುದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲವೆಂಬುದಕ್ಕೆ ವಿಯೆನ್ನಾದ ಕಥೆಯೊಂದು ಸಾಕ್ಷಿ.

ಬೇಲಾ ಷಿಕ್ ಎಂಬಾತನು ಸಾಮಾನ್ಯ ವೈದ್ಯನಲ್ಲ. ಮಕ್ಕಳನ್ನು ಕೊಲ್ಲುತ್ತಿದ್ದ ಡಿಫ್ತೀರಿಯಾ ರೋಗಕ್ಕೆ ಯಾರು ಈಡಾಗಬಲ್ಲರೆಂಬುದನ್ನು ತಿಳಿಸುವ ಪರೀಕ್ಷೆಯನ್ನು ರೂಪಿಸಿ ಕೀರ್ತಿ ಪಡೆದವನು. ಒಂದು ದಿನ ಆತನು ತನಗೆ ಬಂದ ಗುಲಾಬಿ ಹೂಗಳನ್ನು ನೀರಿನಲ್ಲಿಡಲು ಮನೆಗೆಲಸದಾಕೆಗೆ ಕೊಟ್ಟನು. ಮರುದಿನ ಹೂಗಳು ಬಾಡಿದ್ದವು. ತಾನು ಋತುಮತಿಯಾದಾಗ ಹೂ ಮುಟ್ಟಿದರೆ ಹೀಗಾಗುತ್ತದೆಂದು ಆಕೆ ಹೇಳಿದಳು. ಷಿಕ್ ಪ್ರಯೋಗಕ್ಕೆ ತೊಡಗಿದನು. ಮುಟ್ಟಾದವರ ಕೈಗೂ ಆಗದವರ ಕೈಗೂ ಹೂ ಕೊಟ್ಟು ನೋಡಿದನು. ಹುದುಗುವ ಹಿಟ್ಟನ್ನು ನಾದಿಸಿ ನೋಡಿದನು. ಋತುಸ್ರಾವದ ಕಾಲದಲ್ಲಿ ಹೆಣ್ಣಿನ ದೇಹದಲ್ಲಿ ವಿಷವೊಂದು ಇರುತ್ತದೆಂದು ೧೯೨೦ರಲ್ಲಿ ಪ್ರಕಟಿಸಿದನು.

ಈ ‘ಮುಟ್ಟಿನ ವಿಷ’ದ ಬೇಟೆ ಅಲ್ಲಿಗೆ ನಿಲ್ಲಲಿಲ್ಲ. ೧೯೨೪ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಮಾಕ್ಟ್ ಮತ್ತು ಲೂಬಿನ್ ಎಂಬವರು, ಋತುಮತಿಯರ ರಕ್ತದ್ರವವನ್ನು ಬೆರೆಸಿದ ನೀರಿನಲ್ಲಿ ಲೂಪಿನ್ ಸಸಿಗಳ ಬೇರು ಕುಂಠಿತವಾಗಿ ಬೆಳೆಯುತ್ತದೆಂದು ಅಳೆದು ತೋರಿಸಿದರು. ೧೯೪೦ರ ದಶಕದಲ್ಲಿ ಹಾರ್ವರ್ಡಿನ ಜಾರ್ಜ್ ಸ್ಮಿತ್ ಮತ್ತು ಆಲಿವ್ ಸ್ಮಿತ್ ದಂಪತಿಗಳು ಸ್ರಾವದ ದ್ರವವನ್ನು ಇಲಿಗಳಿಗೆ ಚುಚ್ಚಿದರು, ಇಲಿಗಳು ಸತ್ತವು. ವಿಷವಿರುವುದು ನಿಶ್ಚಯವಾಯಿತೆಂದೇ ಅನೇಕರಿಗೆ ತೋರಿತು.

ಆಗ ಜೆರೂಸಲೇಮಿನ ಬರ್ನ್‌ಹಾರ್ಡ್ ಜೋಂಡೆಕ್ ಒಂದು ಸರಳ ಪ್ರಶ್ನೆಯನ್ನೆತ್ತಿದನು. ಇಲಿಯನ್ನು ಕೊಂದುದು ಸ್ರಾವವೋ, ಅದರಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಗಳೋ? ದೇಹದಿಂದ ಹೊರಬರುವ ದ್ರವ ದಾರಿಯಲ್ಲಿ ಬ್ಯಾಕ್ಟೀರಿಯಗಳೊಡನೆ ಬೆರೆಯುವುದು ಸಹಜ. ಬ್ಯಾಕ್ಟೀರಿಯಗಳನ್ನು ತಡೆಯುವ ಔಷಧಗಳನ್ನು ಬಳಸಿ ಪ್ರಯೋಗವನ್ನು ಮಾಡಿದಾಗ ಇಲಿಗಳು ಬದುಕಿಕೊಂಡವು. ಸ್ರಾವದಲ್ಲಿ ವಿಶಿಷ್ಟವಾದ ವಿಷವೇನೂ ಇಲ್ಲವೆಂದು ಆತನು ೧೯೫೩ರಲ್ಲಿ ತೋರಿಸಿದನು. ಷಿಕ್‌ನ ಲೇಖನದಿಂದ ಅಲ್ಲಿಗೆ ಮೂವತ್ತಮೂರು ವರ್ಷ!

ಈ ವಿಜ್ಞಾನಿಗಳು ಮೂರ್ಖರೂ ಅಲ್ಲ, ವಂಚಕರೂ ಅಲ್ಲ. ತಪ್ಪು ಎಲ್ಲಿತ್ತು? ಷಿಕ್‌ನ ಪ್ರಯೋಗಕ್ಕೊಳಗಾದವರು ಬೆರಳೆಣಿಕೆಯ ಮಂದಿ. ಯಾರು ಯಾವ ಸ್ಥಿತಿಯಲ್ಲಿರುವರೆಂಬುದು ಪ್ರಯೋಗ ಮಾಡಿದವನಿಗೆ ಮೊದಲೇ ಗೊತ್ತಿತ್ತು. ಹೂ ಬಾಡಲು ಸೆಕೆ, ನೀರಿನ ಕೊರತೆ, ಕೊಯ್ದ ಹೊತ್ತು ಮುಂತಾದ ನೂರು ಕಾರಣಗಳುಂಟು. ಇಲಿಗಳ ಪ್ರಯೋಗದಲ್ಲಿ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿರಲಿಲ್ಲ. ಮನಸ್ಸು ಮೊದಲೇ ಉತ್ತರವನ್ನು ಇಟ್ಟುಕೊಂಡಿದ್ದಾಗ ಕಣ್ಣು ಆ ಉತ್ತರವನ್ನೇ ಕಾಣುತ್ತದೆ. ಬಿಳಿಯ ಅಂಗಿ ತೊಟ್ಟ ಮಾತ್ರಕ್ಕೆ ನಂಬಿಕೆ ಹೊರಗುಳಿಯುವುದಿಲ್ಲ.

ಪ್ರಶ್ನೆ ಬದಲಾದಾಗ

ಈ ಕಥೆಗೆ ಇನ್ನೊಂದು ಭಾಗವಿದೆ, ಅದೇ ಮುಖ್ಯವಾದುದು. ಇಂಗ್ಲೆಂಡಿನ ಪಿಕಲ್ಸ್ ಎಂಬ ಶರೀರಕ್ರಿಯಾ ವಿಜ್ಞಾನಿ ಇದೇ ದ್ರವವನ್ನು ಪರೀಕ್ಷಿಸಿದನು. ಆತನ ಹೆಸರಿಗೆ ಇಂಗ್ಲಿಷಿನಲ್ಲಿ ಉಪ್ಪಿನಕಾಯಿ ಎಂಬ ಅರ್ಥವೂ ಇರುವುದು ಒಂದು ವಿನೋದ! ಆತನ ಕುತೂಹಲ ಇತರರಿಗೆ ಆಗುವ ಕೇಡಿನ ಮೇಲಿರಲಿಲ್ಲ. ಗರ್ಭಕೋಶದ ಸ್ನಾಯುವಿನ ಮೇಲಿತ್ತು. ಸ್ನಾಯುವನ್ನು ಹಿಂಡುವಂತೆ ಪ್ರಚೋದಿಸುವ ವಸ್ತುವೊಂದು ಸ್ರಾವದಲ್ಲಿದೆಯೆಂದು ೧೯೫೭ರಲ್ಲಿ ಆತನು ತಿಳಿಸಿದನು. ೧೯೬೦ರ ದಶಕದಲ್ಲಿ ಅದು ಪ್ರೊಸ್ಟಗ್ಲಾಂಡಿನ್ ಎಂಬ ವರ್ಗದ ವಸ್ತುವೆಂದು ಗೊತ್ತಾಯಿತು. ಇದು ಹೆಚ್ಚಾದಾಗ ಗರ್ಭಕೋಶವು ಬಲವಾಗಿ ಹಿಂಡಿಕೊಳ್ಳುತ್ತದೆ, ಅದರ ರಕ್ತಸಂಚಾರ ತಗ್ಗುತ್ತದೆ, ಕಿಬ್ಬೊಟ್ಟೆ ನೋಯುತ್ತದೆ. ಆಸ್ಪಿರಿನ್ ಮೊದಲಾದ ಔಷಧಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆಂದು ಜಾನ್ ವೇನ್ ೧೯೭೧ರಲ್ಲಿ ತೋರಿಸಿದನು. ಮುಟ್ಟಿನ ನೋವಿಗೆ ವೈದ್ಯರು ಇಂದು ಕೊಡುವ ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲ ಮುಂತಾದವು ಕೆಲಸ ಮಾಡುವುದು ಇದೇ ರೀತಿಯಲ್ಲಿ.

“ಈಕೆಯಿಂದ ಇತರರಿಗೆ ಏನು ಕೇಡು?” ಎಂದು ಮೂವತ್ತು ವರ್ಷ ಕೇಳಿದುದರಿಂದ ದೊರೆತುದು ಶೂನ್ಯ. “ಈಕೆಗೆ ಆಗುತ್ತಿರುವುದೇನು?” ಎಂದು ಕೇಳಿದಾಗ ನೋವಿನ ಕಾರಣ ದೊರೆಯಿತು, ಪರಿಹಾರವೂ ದೊರೆಯಿತು. ಸಂಶೋಧನೆಯಲ್ಲಿ ಉತ್ತರಕ್ಕಿಂತ ಮೊದಲು ಪ್ರಶ್ನೆ ಸರಿಯಾಗಿರಬೇಕೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ನಮ್ಮ ಊರಿನಲ್ಲಿ ಅಧ್ಯಯನ ಮಾಡುವುದಾದರೆ

ಮಲ್ಲಟದಲ್ಲಿಯೋ ಅದರಂತಹ ಇನ್ನೊಂದು ಊರಿನಲ್ಲಿಯೋ ವಿದ್ಯಾರ್ಥಿಗಳು ಈ ವಿಷಯವನ್ನು ಅಭ್ಯಸಿಸಲು ಹೊರಟರೆಂದು ಭಾವಿಸೋಣ. ಆಗ ಮೊದಲು ಮಾಡಬೇಕಾದ ಕೆಲಸ ಕೇಳಿಬಂದ ಮಾತುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸುವುದು.

ಮೊದಲನೆಯದು, ಪ್ರಕೃತಿಯನ್ನು ಕುರಿತ ಹೇಳಿಕೆಗಳು. “ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ” ಎಂಬುದು ಇಂತಹುದು. ಇದು ನಿಜವೋ ಸುಳ್ಳೋ ಎಂಬುದನ್ನು ಪ್ರಯೋಗ ನಿರ್ಣಯಿಸಬಲ್ಲುದು. ಎರಡನೆಯದು, ವಿಧಿನಿಷೇಧಗಳು. “ಗುಡಿಗೆ ಹೋಗಬಾರದು” ಎಂಬ ಮಾತನ್ನು ಪರೀಕ್ಷಾನಳಿಕೆ ಅಳೆಯಲಾರದು. ಯಾರು ಅದನ್ನು ಪಾಲಿಸುತ್ತಾರೆ, ಯಾರು ಪಾಲಿಸುವುದಿಲ್ಲ, ಯಾವ ಕಾರಣ ಹೇಳುತ್ತಾರೆ ಎಂಬುದನ್ನು ಮಾತ್ರ ಬರೆದುಕೊಳ್ಳಬಹುದು. ಮೂರನೆಯದು, ಪರಿಣಾಮಗಳು. ಶಾಲೆ ತಪ್ಪಿತೆ? ಸ್ನಾನಕ್ಕೆ ನೀರು ಸಿಕ್ಕಿತೆ? ಎಲ್ಲಿ ಮಲಗಿದಳು? ಬಟ್ಟೆಯನ್ನು ಬಿಸಿಲಿನಲ್ಲಿ ಒಣಗಿಸಿದಳೋ ಕತ್ತಲ ಮೂಲೆಯಲ್ಲೋ? ಇವನ್ನು ಎಣಿಸಬಹುದು. ಈ ಮೂರನ್ನು ಬೆರೆಸಿದರೆ ವಾಗ್ವಾದವುಂಟಾಗುತ್ತದೆ, ಬೇರ್ಪಡಿಸಿದರೆ ತಿಳಿವಳಿಕೆಯುಂಟಾಗುತ್ತದೆ.

ಮೊದಲ ಗುಂಪಿಗೆ ಉಪ್ಪಿನಕಾಯಿಯ ಪ್ರಯೋಗವನ್ನೇ ತೆಗೆದುಕೊಳ್ಳೋಣ. ಉಪ್ಪಿನಕಾಯಿ ಕೆಡುವುದು ಬೂಷ್ಟು ಮತ್ತು ಇತರ ಸೂಕ್ಷ್ಮಜೀವಿಗಳಿಂದ. ಉಪ್ಪು, ಹುಳಿ, ಎಣ್ಣೆ ಇವುಗಳನ್ನು ತಡೆಯುತ್ತವೆ. ಹಸಿ ನೀರು ಅವಕ್ಕೆ ದಾರಿ ಮಾಡಿಕೊಡುತ್ತದೆ. ಒಂದೇ ಮಾವಿನಕಾಯಿಯ ಉಪ್ಪಿನಕಾಯಿಯನ್ನು ನಾಲ್ಕು ಶುದ್ಧ ಭರಣಿಗಳಲ್ಲಿ ತುಂಬಿರಿ. ಎರಡರಲ್ಲಿ ಉಪ್ಪು ಸರಿಯಾಗಿರಲಿ, ಎರಡರಲ್ಲಿ ಅರ್ಧದಷ್ಟಿರಲಿ. ಪ್ರತಿ ಜೋಡಿಯಲ್ಲಿ ಒಂದಕ್ಕೆ ದಿನವೂ ಒಣ ಚಮಚವನ್ನೂ ಇನ್ನೊಂದಕ್ಕೆ ಒದ್ದೆ ಚಮಚವನ್ನೂ ಹಾಕಿರಿ. ಭರಣಿಗಳ ಮೇಲೆ ಅಂಕೆಗಳನ್ನಷ್ಟೇ ಬರೆದು, ಯಾವುದು ಯಾವುದೆಂದು ತಿಳಿಯದ ಒಬ್ಬರಿಂದ ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿರಿ. ಷಿಕ್ ಮಾಡದೆ ಬಿಟ್ಟುದು ಇದನ್ನೇ. ಕೆಟ್ಟುದಕ್ಕೆ ಉಪ್ಪು ಕಾರಣವೋ ನೀರು ಕಾರಣವೋ ತಾನಾಗಿ ಗೊತ್ತಾಗುತ್ತದೆ. ಪ್ರಯೋಗಕ್ಕೆಂದು ಯಾವ ಹುಡುಗಿಯನ್ನೂ “ನಿನಗೆ ಈಗ ಮುಟ್ಟೆ?” ಎಂದು ಕೇಳುವ ಅಗತ್ಯವೇ ಇಲ್ಲ. ಕೆಟ್ಟ ಭರಣಿಗಳನ್ನು ಮುಚ್ಚಿಯೇ ಎಸೆಯಬೇಕು, ರುಚಿ ನೋಡಲಾಗದು.

ಎರಡನೆಯ ಮೂರನೆಯ ಗುಂಪುಗಳಿಗೆ ಬೇಕಾದುದು ಸಂದರ್ಶನ. ಇಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು. ಹೆಂಗಸರನ್ನು ಹುಡುಗಿಯರೇ, ಅವರು ಒಪ್ಪಿದರೆ ಮಾತ್ರ, ಬೇರೆಯವರಿಲ್ಲದೆಡೆಯಲ್ಲಿ ಮಾತನಾಡಿಸಬೇಕು. ಚಿಕ್ಕ ಹುಡುಗಿಯರಾದರೆ ಮನೆಯ ಹಿರಿಯರ ಒಪ್ಪಿಗೆಯೂ ಬೇಕು. ಹೆಸರನ್ನಾಗಲಿ ಮನೆಯನ್ನಾಗಲಿ ಬರೆದುಕೊಳ್ಳಬಾರದು. ಹುಡುಗರು ಸುಮ್ಮನೆ ಕೂರಬೇಕೆಂದೇನಿಲ್ಲ. ಈ ವಿಷಯದಲ್ಲಿ ಗಂಡಸರಿಗೆ ತಿಳಿದಿರುವುದೆಷ್ಟು ಎಂಬುದೇ ಒಂದು ಸ್ವತಂತ್ರ ಅಧ್ಯಯನ. ಪ್ರಶ್ನೆಯಲ್ಲಿ ಉತ್ತರವನ್ನು ಅಡಗಿಸಬಾರದು. “ಆ ಮೂಢನಂಬಿಕೆಯನ್ನು ನೀವೂ ಪಾಲಿಸುವಿರಾ?” ಎಂದರೆ ಎದುರಿನವರು ನಾಚಿ ಸುಳ್ಳು ಹೇಳುವರು, ಇಲ್ಲವೆ ಸಿಟ್ಟಾಗುವರು. “ಆ ದಿನಗಳಲ್ಲಿ ನಿಮ್ಮ ಮನೆಯಲ್ಲಿ ಹೇಗೆ ನಡೆಯುತ್ತದೆ?” ಎಂದರೆ ಮಾತು ಬಿಚ್ಚಿಕೊಳ್ಳುತ್ತದೆ. ಬಂದ ಉತ್ತರವನ್ನು ಅವರ ಮಾತಿನಲ್ಲಿಯೇ ಬರೆಯಬೇಕು, ತಿದ್ದಬಾರದು.

ನಮಗೆ ಹಿಡಿಸದ ಉತ್ತರವನ್ನೂ ಬರೆಯಬೇಕು. “ಆ ಮೂರು ದಿನವೇ ನನಗೆ ಸಿಗುತ್ತಿದ್ದ ವಿಶ್ರಾಂತಿ” ಎಂದು ಹೇಳುವ ಅಜ್ಜಿಯರುಂಟು. ಬೀಸುವ ಕಲ್ಲು, ನೀರಿನ ಕೊಡ, ಒಲೆ ಇವುಗಳಿಂದ ಬಿಡುವು ಬೇರೆ ಯಾವಾಗಲೂ ದೊರೆಯದವಳ ಪಾಲಿಗೆ ಈ ಮಾತು ಸತ್ಯವೇ. ಹಾಗಾದರೆ ವಿಶ್ರಾಂತಿಗೂ ಬಹಿಷ್ಕಾರಕ್ಕೂ ಭೇದವೇನು? ಆಕೆಗೆ ಬೇಡವೆನಿಸಿದಾಗ ಒಳಗೆ ಬರಲು ಸಾಧ್ಯವಿದೆಯೆ ಎಂದು ಕೇಳಿದರೆ ಸಾಕು, ಭೇದ ಗೋಚರವಾಗುತ್ತದೆ. ಕೆಡ್ಡಸದಲ್ಲಿ ನೆಲವನ್ನು ಮುಟ್ಟದಿರುವುದು ಅದಕ್ಕೆ ನೋಯದಿರಲೆಂದು. ಹೆಣ್ಣನ್ನು ಮುಟ್ಟದಿರುವುದು ತಮಗೆ ಮೈಲಿಗೆಯಾಗದಿರಲೆಂದು. ಎರಡೂ ಮೂರೇ ದಿನ. ಆದರೆ ಎರಡೂ ಒಂದೇ ಅಲ್ಲ.

ಅಧ್ಯಯನವೇಕೆ?

ಇದು ಬರಿಯ ಕುತೂಹಲದ ವಿಷಯವಲ್ಲ. ಭಾರತದಲ್ಲಿ ನಡೆದ ೧೩೮ ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು ೨೦೧೬ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಒಳಗೊಂಡ ಹುಡುಗಿಯರು ಸುಮಾರು ೯೭,೦೦೦. ಮೊದಲ ಸ್ರಾವಕ್ಕೆ ಮುಂಚೆ ಅದರ ವಿಷಯ ತಿಳಿದಿದ್ದವರು ಅರ್ಧದಷ್ಟು ಮಾತ್ರ. ಆ ದಿನಗಳಲ್ಲಿ ಶಾಲೆಗೆ ಬಾರದವರು ಸುಮಾರು ಕಾಲುಭಾಗ. ಉಳಿದರ್ಧ ಹುಡುಗಿಯರಿಗೆ ಒಂದು ದಿನ ಏಕಾಏಕಿ ರಕ್ತ ಕಂಡಾಗ ಆದ ದಿಗಿಲನ್ನು ಊಹಿಸಿಕೊಳ್ಳಿರಿ. ಗಾಯವಾಗಿದೆಯೋ ರೋಗ ಬಂದಿದೆಯೋ ತಿಳಿಯದು, ಕೇಳಲು ನಾಚಿಕೆ.

ನಂಬಿಕೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ನಮ್ಮ ರಾಜ್ಯದ ದಕ್ಷಿಣ ಭಾಗದಲ್ಲಿ ಒಂದು ದಾರುಣ ನಿದರ್ಶನವಿದೆ. ತುಮಕೂರು, ಚಿತ್ರದುರ್ಗಗಳ ಕಡೆಯ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಋತುಮತಿಯರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿರಿಸುವ ರೂಢಿ ಬಂದಿದೆ. ೨೦೨೩ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ತಾಯಿಯೊಡನೆ ಊರ ಹೊರಗಿನ ಗುಡಿಸಲಿನಲ್ಲಿರಿಸಿದ್ದ ನವಜಾತ ಶಿಶುವೊಂದು ಮಳೆಗಾಲದ ಶೀತಕ್ಕೆ ಸಿಕ್ಕಿ ತೀರಿಕೊಂಡಿತು. ಋತುಮತಿಯರನ್ನೂ ಬಾಣಂತಿಯರನ್ನೂ ಬಲವಂತವಾಗಿ ಬೇರೆಯಿರಿಸುವಂತಹ ಅಮಾನವೀಯ ಪದ್ಧತಿಗಳನ್ನು ತಡೆಯುವುದಕ್ಕೆ ಕರ್ನಾಟಕದಲ್ಲಿ ೨೦೧೭ರ ಕಾಯಿದೆಯೊಂದಿದ್ದು, ಅದು ೨೦೨೦ರ ಜನವರಿಯಲ್ಲಿಯೇ ಜಾರಿಗೆ ಬಂದಿತ್ತು. ಕಾಯಿದೆಯಿದ್ದೂ ಮಗು ಉಳಿಯಲಿಲ್ಲ. ಆ ಮನೆಯವರು ಮಗುವಿನ ಕೇಡನ್ನು ಬಯಸಿದವರಲ್ಲ. ದೇವರ ಕೋಪಕ್ಕೆ ಅಂಜಿದವರು. ಅಂಜಿಕೆಯನ್ನು ಕಾಯಿದೆಯೊಂದೇ ಕಳೆಯಲಾರದು. ಜನರು ಯಾವುದಕ್ಕೆ ಅಂಜುತ್ತಾರೆಂಬುದನ್ನು ಅವರ ಬಾಯಿಂದಲೇ ಕೇಳಿ ತಿಳಿದವರು ಮಾತ್ರ ಅದನ್ನು ಬಿಡಿಸಬಲ್ಲರು. ಅಧ್ಯಯನದ ಪ್ರಯೋಜನ ಇಲ್ಲಿದೆ.

ವಾಚಕರೆ, ನಿಮ್ಮ ಅಧ್ಯಯನವನ್ನು ದೂರದಲ್ಲೆಲ್ಲೋ ತೊಡಗಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ತಂಗಿಯೊಬ್ಬಳಿದ್ದರೆ ಆಕೆಗೆ ಈ ವಿಷಯವನ್ನು ಮೊದಲೇ ತಿಳಿಸಲಾಗಿದೆಯೆ ಎಂದು ತಾಯಿಯನ್ನು ಕೇಳಿರಿ. ತಿಳಿಸಿಲ್ಲವಾದರೆ ತಿಳಿಸುವ ಏರ್ಪಾಡು ಮಾಡಿರಿ. ಉಪ್ಪಿನಕಾಯಿ ಕೆಡುವುದೋ ಇಲ್ಲವೋ ಎಂಬುದನ್ನು ಭರಣಿಗಳು ನಿಧಾನವಾಗಿ ಹೇಳಲಿ; ಆ ಹುಡುಗಿ ಮಾತ್ರ ಅಷ್ಟು ಕಾಲ ಕಾಯಬೇಕಾಗಿಲ್ಲ.